ತಣ್ಣಗಿದ್ದ ಎರಡು ಹಕ್ಕಿ

"ಉಸಿರು ಕೂಡ ಮೆಲ್ಲಗೆ ಬಿಡು," ಎಂದ ಆಶೀಲ್. "ಆ ಕೆಂಪು ಕೋಟು ಬಿಚ್ಚಿ ಕುರ್ಚಿ ಕೆಳಗೆ ತುರುಕು. ಹಕ್ಕಿಗಳು ಹೆದರ್ತವೆ."

ನಾನು ಪೊಲೀಸ್ ಇನ್ಸ್‌ಪೆಕ್ಟರ್. ಅವನು ನಾನು ವಿಚಾರಣೆಗೆಂದು ಹುಡುಕಿಕೊಂಡು ಬಂದ ಮನುಷ್ಯ. ಆದರೂ ತೆಪ್ಪಗೆ ಕೋಟು ಬಿಚ್ಚಿ ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ತುರುಕಿದೆ. ಫ್ರಾನ್ಸಿನ ಗಡಿಗೆ ಅಂಟಿಕೊಂಡ ನಮ್ಮ ಫ್ಲಾಂಡರ್ಸ್ ಕಡೆ ಶನಿವಾರ ಮಧ್ಯಾಹ್ನ ಪಂದ್ಯದ ಪಾರಿವಾಳಗಳು ಮನೆಗೆ ಮರಳುವ ಹೊತ್ತಿಗೆ ಚರ್ಚಿನ ಪಾದ್ರಿ ಕೂಡ ಗಂಟೆ ಹೊಡೆಯಲು ಹಿಂದೆ ಮುಂದೆ ನೋಡುತ್ತಾನೆ. ಬೆಳಿಗ್ಗೆ ಫ್ರಾನ್ಸಿನಲ್ಲೆಲ್ಲೋ ಬುಟ್ಟಿ ತೆರೆದು ಹಕ್ಕಿಗಳನ್ನು ಹಾರಿಬಿಟ್ಟಿರುತ್ತಾರೆ; ಇಲ್ಲಿ ಹಿತ್ತಲಲ್ಲಿ ಕೂತವರು ಆಕಾಶ ನೋಡುತ್ತಾ ಕಲ್ಲಾಗಿರುತ್ತಾರೆ. ಯಾರಾದರೂ ಸೀನಿ, ಹಕ್ಕಿ ಗೂಡಿಗಿಳಿಯದೆ ಚಾವಣಿಯ ಮೇಲೇ ಕೂತುಬಿಟ್ಟರೆ, ಸೀನಿದವನ ಜೊತೆ ಆಮೇಲೆ ವರ್ಷಗಟ್ಟಲೆ ಮಾತುಕತೆ ಇಲ್ಲ.

"ಒಂದೇ ಪ್ರಶ್ನೆ, ಆಶೀಲ್," ಎಂದು ಪಿಸುಗುಟ್ಟಿದೆ. "ಇನ್ನೊಂದು ಚೀಲ ಯಾರ ಹತ್ತಿರ ಇದೆ?"

"ಯಾವ ಚೀಲ? ಜೋಳದ್ದಾ?"

ಕಪಾಳಕ್ಕೆ ಬಿಗಿಯಬೇಕು ಅನಿಸಿತು. ಬಿಗಿಯಲಿಲ್ಲ. ಕೈಗೆ ಸಿಕ್ಕ ಒಬ್ಬನೇ ಒಬ್ಬ ಇವನು. ಇವನ ಬಾಯಿಗೆ ಬೀಗ ಬಿದ್ದರೆ ನನಗೆ ಬೇರೆ ದಾರಿ ಇರಲಿಲ್ಲ.

ಸೈಕಲ್ ಸವಾರ ಯೋರಿಸ್ ವೆರ್ಹೆಲ್ಸ್ಟ್ ಗುರುವಾರದಿಂದ ಆಸ್ಪತ್ರೆಯಲ್ಲಿ ಮಲಗಿದ್ದ, ಅವನ ಮೈಯಲ್ಲಿ ಯಾರದೋ ರಕ್ತ ಹರಿದಿದೆ ಎಂಬುದು ಇವತ್ತು ಬೆಳಿಗ್ಗೆಯಷ್ಟೇ ಖಚಿತವಾಗಿತ್ತು.

ಈ ಸವಾರರ ಕಳ್ಳಾಟ ನಮ್ಮೂರಿನವರಿಗೆ ಹೊಸದಲ್ಲ. ಸೀಸನ್ನಿಗೆ ಮುಂಚೆ ತನ್ನದೇ ರಕ್ತ ತೆಗೆಸಿ ಚೀಲಕ್ಕೆ ತುಂಬಿ ತಣ್ಣಗಿಡುವುದು. ಮೈ ತಾನಾಗಿ ಹೊಸ ರಕ್ತ ಮಾಡಿಕೊಂಡ ಮೇಲೆ, ದೊಡ್ಡ ರೇಸಿನ ಮುಂಚೆ ಆ ಹಳೆಯದನ್ನೂ ವಾಪಸ್ ಏರಿಸಿಕೊಳ್ಳುವುದು. ರಕ್ತ ಜಾಸ್ತಿ, ಉಸಿರು ಜಾಸ್ತಿ, ಬೆಟ್ಟ ಹತ್ತುವಾಗ ಕಾಲು ಸೋಲುವುದಿಲ್ಲ. ರಕ್ತ ಅಂಬಲಿಯ ಹಾಗೆ ದಪ್ಪವಾಗುತ್ತದೆ, ಅದನ್ನು ತಳ್ಳುತ್ತಾ ತಳ್ಳುತ್ತಾ ಎದೆ ಒಂದು ದಿನ ನಿಂತೇ ಹೋಗಬಹುದು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಟ್ಟಿಮುಟ್ಟಾದ ಹುಡುಗರು ನಿದ್ದೆಯಲ್ಲೇ ಹೋದಾಗ "ಪಾಪ, ಹುಟ್ಟಿನಿಂದಲೇ ಎದೆ ವೀಕ್ ಇತ್ತಂತೆ" ಎಂದು ನಮ್ಮಪ್ಪನ ಕೆಫೆಯಲ್ಲಿ ಜನ ಬಿಯರ್ ಕುಡಿದು ಎದ್ದು ಹೋಗುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ.

ಯೋರಿಸ್‌ಗೆ ಏರಿದ್ದು ಅವನ ರಕ್ತವೇ ಆಗಿರಲಿಲ್ಲ.

"ಈತ ಬಿ ಗುಂಪು," ಎಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ. "ಒಳಗೆ ಹೋಗಿದ್ದು ಎ. ಮೈಯಲ್ಲಿ ರಕ್ತಕ್ಕೂ ರಕ್ತಕ್ಕೂ ಯುದ್ಧ ಹತ್ತಿದೆ. ಕಿಡ್ನಿ ಕೈಕೊಟ್ಟಿದೆ, ಮೂತ್ರ ಕಪ್ಪು ಕಾಫಿ ತರ ಬರ್ತಿದೆ. ಮಿಷನ್ ಮೇಲೆ ಹಾಕಿದ್ದೀವಿ." ಆಮೇಲೆ ಕನ್ನಡಕ ತೆಗೆದು ನನ್ನನ್ನೇ ಕೇಳಿದ್ದರು: "ಇನ್ಸ್‌ಪೆಕ್ಟರ್, ಇವರಿಗೆ ಹೋಗಿದ್ದು ಬೇರೆಯವರದ್ದು ಅಂದರೆ, ಇವರದ್ದು ಈಗ ಎಲ್ಲಿದೆ?"

ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಇದ್ದದ್ದು ಆ ಪ್ರಶ್ನೆ ಒಂದೇ. ಎರಡು ಚೀಲ ಅದಲು ಬದಲಾಗಿವೆ. ಯೋರಿಸ್‌ನ ಬಿ ರಕ್ತ ಇನ್ಯಾರೋ ಎ ರಕ್ತದವನ ಹೆಸರಲ್ಲಿ ಕಾದಿದೆ. ನಾಳೆ ಭಾನುವಾರ, ವರ್ಷದ ದೊಡ್ಡ ರೇಸು. ಅಂದರೆ ಆ ಮನುಷ್ಯ ಇವತ್ತೇ ಅದನ್ನು ತೋಳಿಗೆ ಚುಚ್ಚಿಕೊಳ್ಳುತ್ತಾನೆ. ತಡೆಯದಿದ್ದರೆ ಅವನಿಗೂ ಯೋರಿಸ್‌ನ ಗತಿಯೇ. ಅವನು ಯಾರೆಂಬುದು ನನಗೆ ಗೊತ್ತಿರಲಿಲ್ಲ.

ಯೋರಿಸ್‌ನ ತಂಡದ ಮ್ಯಾನೇಜರ್ ವಕೀಲನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಸೀಗಡಿ ಕೆಟ್ಟಿರಬೇಕು" ಎಂದ. ಜೊತೆ ಸವಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನೆಲ ನೋಡಿದರು. ಸಿಕ್ಕ ಒಂದೇ ಒಂದು ಗುರುತು ಯೋರಿಸ್ ತಂಗಿದ್ದ ಹೋಟೆಲಿನ ಕಸದ ಬುಟ್ಟಿಯದು: ಖಾಲಿ ಚೀಲದ ಕುತ್ತಿಗೆಗೆ ಸಿಕ್ಕಿಕೊಂಡಿದ್ದ ಹಸಿರು ರಬ್ಬರ್ ಉಂಗುರ. ಠಾಣೆಯಲ್ಲಿ ಎಲ್ಲರೂ ಅದನ್ನು ಸೈಕಲ್ಲಿನ ಯಾವುದೋ ವಾಷರ್ ಅಂದುಕೊಂಡಿದ್ದರು. ನಾನು ನೋಡಿದ ಕೂಡಲೇ ಹೇಳಿದೆ, ಇದು ಪಂದ್ಯದ ದಿನ ಪಾರಿವಾಳದ ಕಾಲಿಗೆ ತೊಡಿಸುವ ಉಂಗುರ.

ಸವಾರರ ಮೈ ತಿಕ್ಕುವ ಮಾಲೀಶಿನವರಲ್ಲಿ ಪಾರಿವಾಳ ಸಾಕುವವನು ಒಬ್ಬನೇ. ಆಶೀಲ್ ದೆಮೂಲೆನಾರೆ, ಒಂದು ಕಾಲದ ಸವಾರ. ಯಾವ ತಂಡಕ್ಕೂ ಸೇರದವನು, ಎಲ್ಲ ತಂಡದ ಹುಡುಗರೂ ಹಿಂಬಾಗಿಲಿನಿಂದ ಕರೆಸಿಕೊಳ್ಳುವವನು.

ಅವನ ಗೂಡಿನ ಕೆಳಗಿನ ಕೋಣೆಯಲ್ಲಿ ಹಕ್ಕಿಗಳ ಔಷಧಿ ಇಡುವ ಬಿಳಿ ಫ್ರಿಜ್ ನಾನು ಕೂತಲ್ಲಿಗೇ ಕಾಣುತ್ತಿತ್ತು. ತೆರೆಯಲು ಜಡ್ಜ್ ಸಾಹೇಬರ ಅಪ್ಪಣೆ ಬೇಕು. ಸಾಹೇಬರು ತಂಗಿಯ ಮಗಳ ಮೊದಲ ಕಮ್ಯೂನಿಯನ್ ಎಂಬ ಚರ್ಚಿನ ಶಾಸ್ತ್ರದ ಊಟದಲ್ಲಿದ್ದರು, ಫೋನು ಬಂದ್. ಏಪ್ರಿಲ್ ತಿಂಗಳ ಶನಿವಾರ ಈ ದೇಶದಲ್ಲಿ ನ್ಯಾಯ ಬೇಕಾದವರು ಊಟದ ಕೊನೆಯ ಐಸ್‌ಕ್ರೀಮ್ ಬರುವ ತನಕ ಕಾಯಬೇಕು.

"ಫ್ರಿಜ್ ನೋಡ್ತಿದ್ದೀಯ?" ಎಂದ ಆಶೀಲ್, ಆಕಾಶದಿಂದ ಕಣ್ಣು ಕೀಳದೆ. "ಹೋಗಿ ತೆಗಿ. ಖಾಲಿ. ನನ್ನ ಮೇಲೆ ಯಾಕೆ ಕಣ್ಣು ನಿನಗೆ? ಮೌರಿಸ್ ಮಗಳಲ್ವಾ ನೀನು? ನಿಮ್ಮಪ್ಪನ ಕೆಫೆಯಲ್ಲಿ ನಿನ್ನ ಎತ್ತಿ ಬಿಲಿಯರ್ಡ್ಸ್ ಮೇಜಿನ ಮೇಲೆ ಕೂರಿಸ್ತಿದ್ದೆ, ಲೀವ್."

"ಈಗ ಕೆಳಗಿಳಿದಿದ್ದೀನಿ. ಫ್ರಿಜ್ ಖಾಲಿ ಅಂದ್ರೆ ಚೀಲ ಹೋಗಿದೆ ಅಂತ ಅರ್ಥ. ಯಾರಿಗೆ ಕೊಟ್ಟೆ?"

"ನಿಮ್ಮಪ್ಪ ಯೋರಿಸ್‌ನ ಅಭಿಮಾನಿ ಸಂಘದ ಅಧ್ಯಕ್ಷ. ಅವನು ಗೆದ್ದ ದಿನ ಊರಿಗೆಲ್ಲ ಬಿಯರ್ ಕುಡಿಸಿದ್ದು ಯಾರು? ಆಗ ಹುಡುಗ ಬರೀ ಅನ್ನ, ಸೊಪ್ಪು ತಿಂದು ಗೆದ್ದ ಅಂತ ನಂಬಿದ್ರಾ ನೀವೆಲ್ಲ?"

ಮಾತು ನಾಟಿತು. ಆ ಬಿಯರನ್ನು ನಾನೂ ಕುಡಿದಿದ್ದೆ.

"ಯೋರಿಸ್ ನೀನು ಬೆಳೆಸಿದ ಹುಡುಗ, ಆಶೀಲ್. ಆಸ್ಪತ್ರೆಗೆ ಒಂದು ಸಲ ಹೋಗಿ ನೋಡಿದ್ಯಾ?"

ಅವನು ಹಕ್ಕಿಗಳನ್ನು ಗೂಡಿಗೆ ಕರೆಯುವ ಕಾಳಿನ ಡಬ್ಬಿ ಕೈಗೆತ್ತಿಕೊಂಡ. "ಹುಷಾರಾಗ್ತಾನೆ. ಮಿಷನ್ನಿಗೆ ಹಾಕಿದ್ದಾರಲ್ಲ, ರಕ್ತ ತೊಳೀತಾರಂತೆ. ಕುದುರೆ ಅವನು. ಹುಷಾರಾಗ್ತಾನೆ."

ನಾನು ಜೇಬಿನಿಂದ ಸಣ್ಣ ಪ್ಲಾಸ್ಟಿಕ್ ಕವರು ತೆಗೆದು ಇಬ್ಬರ ನಡುವಿನ ಸ್ಟೂಲಿನ ಮೇಲಿಟ್ಟೆ. ಒಳಗೆ ಹಸಿರು ಉಂಗುರ.

ಆಶೀಲ್ ಅತ್ತ ನೋಡಲಿಲ್ಲ. ನೋಡಿದ್ದು ಅವನ ಅಪ್ಪ.

ಸಿರೀಲ್ ಅಜ್ಜ ಗೂಡಿನ ಮೆಟ್ಟಿಲ ಬಳಿ, ಕಂಬಳಿ ಹೊದ್ದು, ತೊಡೆಯ ಮೇಲೆ ಪಂದ್ಯದ ಗಡಿಯಾರ ಇಟ್ಟುಕೊಂಡು ಕೂತಿದ್ದರು. ಮರದ ಪೆಟ್ಟಿಗೆ, ಮೇಲೊಂದು ತೂತು, ಪಕ್ಕದಲ್ಲಿ ಹಿಡಿಕೆ. ಹಕ್ಕಿ ಬಂದ ತಕ್ಷಣ ಕಾಲಿನ ರಬ್ಬರ್ ಉಂಗುರ ಬಿಚ್ಚಿ ಆ ತೂತಿಗೆ ಹಾಕಿ ಹಿಡಿಕೆ ತಿರುಗಿಸಬೇಕು, ಒಳಗೆ ವೇಳೆ ಅಚ್ಚಾಗುತ್ತದೆ. ಉಂಗುರ ಪೆಟ್ಟಿಗೆಗೆ ಬೀಳುವ ತನಕ ಹಕ್ಕಿ ಮನೆ ಸೇರಿದ ಲೆಕ್ಕವಿಲ್ಲ. ಅಜ್ಜನಿಗೆ ಮಗನ ಹೆಸರು ಮರೆತುಹೋಗಿ ಬಹಳ ಕಾಲವಾಗಿತ್ತು. ಬೆರಳುಗಳಿಗೆ ಮಾತ್ರ ಏನೂ ಮರೆತಿರಲಿಲ್ಲ.

"ಇದು ಬಂದಾಯ್ತು," ಎಂದರು ಅಜ್ಜ, ಕವರಿನ ಕಡೆ ಬೆರಳು ತೋರಿಸಿ.

"ಅಪ್ಪಾ, ಸುಮ್ನಿರು," ಎಂದ ಆಶೀಲ್.

"ಯಾವುದು ಅಜ್ಜ ಬಂದಿದ್ದು?" ಎಂದೆ.

"ಈ ಹಸಿರು. ಹಳದೀನೂ ಬಂತು. ಎರಡೂ ಜೊತೇಲೇ ಬಂದಿದ್ವು." ಅಜ್ಜನ ಮುಖದಲ್ಲಿ ಹೆಮ್ಮೆ. "ಯಾರೂ ನೋಡೇ ಇರಲಿಲ್ಲ. ಆ ಬಿಳೀ ಬೀರುವಿನೊಳಗೆ ಮಲಗಿದ್ವು, ಪಾಪ. ತಣ್ಣಗೆ ಕೊರೀತಿದ್ವು, ಮೈಮೇಲೆ ಒಂದು ಪುಕ್ಕಾನೂ ಇಲ್ಲ. ಇವನು ಊರು ಸುತ್ತೋಕೆ ಹೋಗಿದ್ದ. ನಾನೇ ಉಂಗುರ ಬಿಚ್ಚಿ ಗಡಿಯಾರಕ್ಕೆ ಹೊಡೆದೆ. ಎರಡೂ ಹೊಡೆದೆ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

ಹೆಸರು ಬರೆದರೆ ಪೊಲೀಸರ ಕೈಗೆ ಸಿಗುತ್ತದೆ ಎಂದು ಆಶೀಲ್ ಚೀಲದ ಮೇಲೆ ಏನೂ ಬರೆದಿರಲಿಲ್ಲ. ಒಂದರ ಕುತ್ತಿಗೆಗೆ ಹಸಿರು ಉಂಗುರ, ಇನ್ನೊಂದಕ್ಕೆ ಹಳದಿ. ಯಾವ ಬಣ್ಣ ಯಾರದು ಎಂಬುದು ಅವನ ತಲೆಯಲ್ಲಿ ಮಾತ್ರ. ಪಾರಿವಾಳದವನಿಗೆ ಇದಕ್ಕಿಂತ ಭದ್ರವಾದ ಗುರುತು ಇನ್ನಾವುದು? ಆದರೆ ಅದೇ ಮನೆಯಲ್ಲಿ ಇನ್ನೊಬ್ಬ ಪಾರಿವಾಳದವನಿದ್ದ. ಜೀವಮಾನವಿಡೀ ಉಂಗುರ ಕಂಡಲ್ಲಿ ಬಿಚ್ಚಿ ಗಡಿಯಾರಕ್ಕೆ ಹಾಕಿದವನು. ಫ್ರಿಜ್ ತೆರೆದಾಗ ಉಂಗುರ ತೊಟ್ಟ ಎರಡು ಜೀವ ಕಂಡವು. ಬಿಚ್ಚಿದ.

"ನೀನು ಮನೆಗೆ ಬಂದಾಗ ಚೀಲ ಬೋಳಾಗಿದ್ವು, ಅಲ್ವಾ?" ಎಂದೆ. "ಉಂಗುರ ಎರಡೂ ಗಡಿಯಾರದಲ್ಲಿ. ಯಾವುದು ಯಾರದು ಅಂತ ನಿನಗೆ ಗೊತ್ತಾಗಲಿಲ್ಲ. ಆದರೂ ಮತ್ತೆ ತೊಡಿಸಿದೆ."

ಆಶೀಲ್ ಕಾಳಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

"ಬಣ್ಣ ನೋಡಿದೆ," ಎಂದ ಕೊನೆಗೆ. "ಯೋರಿಸ್‌ನ ರಕ್ತ ಒಂಚೂರು ಕಪ್ಪು. ಹುಡುಗನಾಗಿದ್ದಾಗಿಂದ ನೋಡಿದ್ದೀನಿ, ಬಿದ್ದಾಗ ಒರೆಸಿದ್ದೀನಿ. ಬೆಳಕಿಗೆ ಹಿಡಿದು ನೋಡಿದೆ. ತೂಗಿ ನೋಡಿದೆ. ನನಗೆ ಗೊತ್ತು ಅಂದ್ಕೊಂಡೆ."

"ಚೆಲ್ಲಿಬಿಡಬಾರದಿತ್ತಾ?"

ಮೊದಲ ಸಲ ನನ್ನ ಕಡೆ ತಿರುಗಿದ. "ಚೆಲ್ಲೋದಾ? ರಕ್ತ ತೆಗೆದ ಮೇಲೆ ಹುಡುಗರು ಹೇಗಿರ್ತಾರೆ ನೋಡಿದ್ಯಾ ನೀನು? ಮೆಟ್ಟಿಲು ಹತ್ತೋಕೆ ಗೋಡೆ ಹಿಡೀತಾರೆ. ಆ ಸ್ಥಿತೀಲೇ ಸೈಕಲ್ ತುಳೀತಾರೆ, ವಾಂತಿ ಮಾಡ್ಕೋತಾರೆ, ಮತ್ತೆ ತುಳೀತಾರೆ. ಈ ಒಂದು ಭಾನುವಾರಕ್ಕೋಸ್ಕರ. ಅವರ ಮುಂದೆ ನಿಂತು ಏನಂತ ಹೇಳಲಿ? ನಮ್ಮಪ್ಪ ನಿಮ್ಮನ್ನ ಪಾರಿವಾಳ ಅಂದ್ಕೊಂಡ ಅಂತಲಾ?"

ಬೇಲಿಯಾಚೆ ಯಾರೋ "ಶ್!" ಅಂದರು.

ನಾನು ಇನ್ನೂ ದನಿ ತಗ್ಗಿಸಿದೆ. ಜೀವಮಾನದಲ್ಲಿ ಇಷ್ಟು ಮೆಲ್ಲಗೆ ನಾನು ಯಾರನ್ನೂ ಬೇಡಿಕೊಂಡಿರಲಿಲ್ಲ. "ಆಗಿದ್ದು ಆಯ್ತು. ಹಳದಿ ಯಾರದು ಹೇಳು. ನಾನು ಹೆಸರು ಕೇಳ್ತಿರೋದು ಜೈಲಿಗೆ ಹಾಕೋಕಲ್ಲ, ಆಶೀಲ್. ಆ ಚೀಲ ಬಚ್ಚಲಿಗೆ ಚೆಲ್ಲಿಸೋಕೆ."

ಪಕ್ಕದ ಹೊಲದ ಕಡೆಯಿಂದ ಒಂದು ಹಕ್ಕಿಗುಂಪು ಹಾದುಹೋಯಿತು, ಬೇರೆಯವರದು. ಅವನು ತಲೆ ಎತ್ತಿ ನೋಡಲೇ ಇಲ್ಲ. ಆಗಲೇ ನನಗೆ ಗೊತ್ತಾಯಿತು, ಇವನು ಹೇಳುತ್ತಾನೆ.

"ರೂಬೆನ್."

"ರೂಬೆನ್ ಕ್ಲಾರೀಸ್?"

ತಲೆಯಾಡಿಸಿದ.

ರೂಬೆನ್ ಪಕ್ಕದ ಊರಿನವನು, ಈಗ ಫ್ರೆಂಚ್ ತಂಡದ ಸವಾರ. ಅವನಿಗೆ ಮಗಳು ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ. ಕೂಸು ಹುಟ್ಟಿದ್ದಕ್ಕೆ ಅವನೇ ಬಂದು ಹಂಚಿ ಹೋದ ಸಕ್ಕರೆ ಬಾದಾಮಿಯ ಪೊಟ್ಟಣಗಳು ಅಪ್ಪನ ಕೆಫೆಯ ಗಲ್ಲಾದ ಪಕ್ಕ ಇನ್ನೂ ಇವೆ. ಗುಲಾಬಿ ಬಣ್ಣದವು.

"ಬೆಳಿಗ್ಗೆ ಬಂದು ತಗೊಂಡು ಹೋದ," ಎಂದ ಆಶೀಲ್. "ಗಡಿಯಾಚೆ ಯಾವುದೋ ಹೋಟೆಲಲ್ಲಿದ್ದಾನೆ. ಎಲ್ಲಿ ಅಂತ ನಾನು ಕೇಳಲ್ಲ, ಅವರು ಹೇಳಲ್ಲ. ಮಧ್ಯಾಹ್ನ ಮಾಲೀಶ್ ಆದ ಮೇಲೆ ಏರಿಸ್ಕೋತಾನೆ."

ಗಡಿಯಾಚೆ ಅಂದರೆ ಫ್ರಾನ್ಸ್. ಸೈಕಲ್ಲಿನಲ್ಲಿ ಹೋಗಿ ಚಹಾಕ್ಕೆ ವಾಪಸ್ ಬರಬಹುದಾದಷ್ಟು ದೂರ, ಆದರೆ ಅಲ್ಲಿ ನನ್ನ ಬಿಲ್ಲೆಗೆ ಕವಡೆ ಕಿಮ್ಮತ್ತಿಲ್ಲ.

"ಫೋನ್ ಮಾಡು. ಈಗಲೇ."

"ನೀನೇ ಮಾಡು."

"ನಾನು ಪೊಲೀಸು. ಚೀಲ ಕಸಿಯೋಕೆ ಕಥೆ ಕಟ್ತಿದ್ದೀನಿ ಅಂತಾನೆ. ನೀನು ಹೇಳಿದ್ರೆ ಮಾತ್ರ ನಂಬ್ತಾನೆ."

ಅದು ಅವನಿಗೂ ಗೊತ್ತಿತ್ತು. ನೀಲಿ ಅಂಗಿಯ ಜೇಬಿನಿಂದ ಫೋನು ತೆಗೆದ. ಒತ್ತಿದ. ಕಿವಿಗೆ ಹಿಡಿದ. ರಿಂಗಾಯಿತು, ಆಗುತ್ತಲೇ ಇತ್ತು, ನಿಂತಿತು.

"ಮಾಲೀಶಿಗೆ ಮಲಗಿರ್ತಾನೆ. ನನ್ನ ನಂಬರ್ ನೋಡಿದ್ರೆ ತಾನೇ ಮಾಡ್ತಾನೆ." ಅವನ ಮುಖದ ಗಂಟು ಸ್ವಲ್ಪ ಸಡಿಲವಾಗಿತ್ತು. ಬಿಗಿಹಿಡಿದದ್ದನ್ನು ಕೆಳಗಿಟ್ಟವನ ಮುಖ. "ಹೇಳ್ತೀನಿ, ಲೀವ್. ರೂಬೆನ್‌ಗೆ ಹೇಳ್ತೀನಿ. ಆಮೇಲೆ ಆಸ್ಪತ್ರೆಗೆ ಹೋಗಿ ಯೋರಿಸ್‌ಗೂ ಹೇಳ್ತೀನಿ. ಬೈತಾನೆ. ಬೈಲಿ. ಎದ್ದು ಕೂತು ಕಪಾಳಕ್ಕೆ ಹೊಡೀಲಿ, ಹೊಡೆಸ್ಕೋತೀನಿ. ಅಲ್ವಾ?"

"ಹೂಂ," ಎಂದೆ.

ನನ್ನ ಫೋನು ಜೇಬಿನಲ್ಲಿ ನಡುಗಿತು.

ಯೋರಿಸ್‌ನ ಹೆಂಡತಿ ತೀನಾ. ತೆಗೆಯಬಾರದಿತ್ತು. ಆದರೆ ಎರಡು ದಿನದಿಂದ ಆ ಹೆಂಗಸಿಗೆ "ಯಾವಾಗ ಬೇಕಾದರೂ ಮಾಡಿ" ಎಂದು ಹೇಳಿದ್ದವಳು ನಾನೇ. ಎದ್ದು ಎರಡು ಹೆಜ್ಜೆ ದೂರ ಹೋಗಿ ಕಿವಿಗೆ ಹಿಡಿದೆ.

ಅವಳು ಅಳುತ್ತಿರಲಿಲ್ಲ. "ಮಿಷನ್ ತೆಗೆದ್ರು," ಎಂದಳು. "ನೀವು ಇನ್ನು ಹುಡುಕೋದು ಬೇಡ ಅನ್ನೋಕೆ ಮಾಡಿದೆ. ಇನ್ನು ಯಾರಿಗೆ ಬೇಕು?" ಅಷ್ಟೇ ಹೇಳಿ ಇಟ್ಟಳು.

ನಾನು ಆಕಾಶ ನೋಡುತ್ತಾ ನಿಂತೆ. ಮುಖ ತಿರುಗಿಸುವ ಮೊದಲು ಅದನ್ನು ಸರಿಮಾಡಿಕೊಳ್ಳಬೇಕಿತ್ತು. ಎಷ್ಟೋ ಕೊಲೆಗಾರರ ಎದುರು ಕಲ್ಲಿನ ಮುಖ ಇಟ್ಟುಕೊಂಡವಳು ನಾನು, ಆ ದಿನ ಆಗಲಿಲ್ಲ.

"ಯಾರು?" ಎಂದ ಆಶೀಲ್.

"ಸ್ಟೇಷನ್ನು."

"ತೀನಾ ಅಲ್ವಾ?"

"ಆಶೀಲ್, ಮೊದಲು ರೂಬೆನ್..."

"ಲೀವ್. ಹುಡುಗ ಹೋದನಾ?"

ನಾನು ಮಾತಾಡಲಿಲ್ಲ. ಮಾತಾಡದಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ ಅಂದುಕೊಂಡೆ. ಅವನು ನನ್ನ ಮುಖವನ್ನು ಓದಿ ಮುಗಿಸಿಯಾಗಿತ್ತು. ಕಾಳಿನ ಡಬ್ಬಿಯನ್ನು ಹುಲ್ಲಿನ ಮೇಲಿಟ್ಟ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ.

"ಸೀಗಡಿ ಕೆಟ್ಟಿತ್ತಂತೆ," ಎಂದ. "ಮ್ಯಾನೇಜರ್ ಹೇಳಿದ. ಸೀಗಡಿ ತಿಂದಿದ್ದ ಯೋರಿಸ್."

"ಆಶೀಲ್, ನನ್ನ ನೋಡು."

"ನಾನು ಬಣ್ಣ ನೋಡಿದ್ದೆ. ಸರಿಯಾಗೇ ನೋಡಿದ್ದೆ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಬೇಲಿಯಾಚೆ ಮತ್ತೆ "ಶ್!" ಅಂದರು. ಅವನು ತಕ್ಷಣ ಕಿವಿಗೆ ಹಿಡಿದ. ಆ ಕಡೆಯ ದನಿ ನನಗೂ ಕೇಳುತ್ತಿತ್ತು, ಎಳೆಯ, ನಗುವ ದನಿ.

"ಏನ್ ಮಾಮ, ಫೋನ್ ಮಾಡಿದ್ಯಲ್ಲ? ಹಕ್ಕಿ ಬಂದ್ವಾ? ಬೇಗ ಹೇಳು, ಸೂಜಿ ರೆಡಿ ಇಟ್ಕೊಂಡು ಕೂತಿದ್ದೀನಿ. ಅದ್ಸರಿ, ಯೋರಿಸ್ ವಿಷ್ಯ ಏನೇನೋ ಮಾತಾಡ್ತಿದ್ದಾರೆ ಇಲ್ಲಿ. ನನ್ನದು ಸರಿ ಇದೆ ತಾನೇ?"

ನಾನು ಅವನ ತೋಳು ಹಿಡಿದೆ. ಹೇಳು ಎಂದು ಬಾಯಿ ಮಾತ್ರ ಆಡಿಸಿದೆ. ಹೇಳು, ಹೇಳು.

ಆಶೀಲ್‌ನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ದನಿಯಲ್ಲಿ ಮಾತ್ರ ಒಂದಿಷ್ಟೂ ನಡುಕವಿರಲಿಲ್ಲ.

"ಸರಿ ಇದೆ ಮಗಾ," ಎಂದ. "ಅದು ನಿನ್ನದೇ. ಹಾಕ್ಕೋ."

ನಾನು ಫೋನು ಕಿತ್ತುಕೊಂಡೆ. ಹಕ್ಕಿ, ಬೇಲಿ, ಊರು ಎಲ್ಲ ಮರೆತು ಕಿರುಚಿದೆ: "ರೂಬೆನ್, ಹಾಕಬೇಡ! ಅದು ಯೋರಿಸ್‌ನ ರಕ್ತ, ಅದು ನಿನ್ನದಲ್ಲ! ಯೋರಿಸ್ ಸತ್ತುಹೋದ!"

ಆ ಕಡೆ ನಗು ನಿಂತಿತು.

"ಯಾರಿದು?"

"ಇನ್ಸ್‌ಪೆಕ್ಟರ್ ಲೀವ್. ಕೆಫೆ ಮೌರಿಸ್ ಮಗಳು. ಯಾವ ಹೋಟೆಲ್ ಹೇಳು, ನಾನು..."

ಅವನು ನಕ್ಕ. ಹೆದರಿದವನ ನಗು ಅದು. "ಪೊಲೀಸಾ? ಚೆನ್ನಾಗಿದೆ ನಾಟಕ. ಆಶೀಲ್ ಮಾಮನೇ ಹೇಳಿದ್ನಲ್ಲ," ಎಂದ. ಲೈನು ಕಟ್ಟಾಯಿತು.

ಮತ್ತೆ ಒತ್ತಿದೆ. ಫೋನು ಬಂದ್. ಇನ್ನೊಮ್ಮೆ ಒತ್ತಿದೆ. ಬಂದ್. ಗಡಿಯಾಚೆ ಹೋಟೆಲುಗಳು ಎಷ್ಟಿವೆಯೋ, ರೇಸಿನ ಹಿಂದಿನ ದಿನ ಎಲ್ಲ ತಂಡದವರೂ ಸುಳ್ಳು ಹೆಸರಿನಲ್ಲೇ ರೂಮು ಹಿಡಿದಿರುತ್ತಾರೆ. ಫ್ರೆಂಚ್ ಪೊಲೀಸರಿಗೆ ಹೇಳೋಣವೆಂದರೂ ಯಾವ ಹೋಟೆಲೆಂದು ಹೇಳಲಿ?

"ಅವನು ಸಾಯ್ತಾನೆ, ಆಶೀಲ್! ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೋ! ಯಾಕೆ ಹಾಗೆ ಹೇಳಿದೆ?"

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ, ತೀರಾ ತಾಳ್ಮೆಯಿಂದ ಹೇಳಿದ:

"ರೂಬೆನ್ ಬದುಕಿದ್ರೆ ಚೀಲ ಸರಿಯಾಗೇ ಇತ್ತು ಅಂತ ತಾನೇ ಅರ್ಥ? ಆಗ ಯೋರಿಸ್‌ನ ಕೊಂದಿದ್ದು ನಾನಲ್ಲ."